ಯಂತ್ರವು ಸೃಜಿಸಬಲ್ಲುದೇ?

1997ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಒಂದು ವಿಚಿತ್ರವಾದ ಸಂಗೀತ ಪರೀಕ್ಷೆ ನಡೆಯಿತು. ಪಿಯಾನೋ ವಾದಕಿಯೊಬ್ಬರು ಸಭಿಕರ ಮುಂದೆ ಮೂರು ಕೃತಿಗಳನ್ನು ನುಡಿಸಿದರು. ಒಂದು, ಜರ್ಮನಿಯ ಮಹಾನ್ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನದು. ಇನ್ನೊಂದು, ಸಂಗೀತ ಪ್ರಾಧ್ಯಾಪಕರಾದ ಸ್ಟೀವ್ ಲಾರ್ಸನ್ ಅವರು ಬಾಖ್‌ನ ಶೈಲಿಯಲ್ಲಿ ರಚಿಸಿದ್ದು. ಮತ್ತೊಂದು, ಅದೇ ಶೈಲಿಯಲ್ಲಿ ಕಂಪ್ಯೂಟರೊಂದು ಹೆಣೆದದ್ದು. ಯಾವುದು ಯಾರದೆಂಬುದನ್ನು ಸಭಿಕರು ಗುರುತಿಸಬೇಕಾಗಿತ್ತು. ಪ್ರಾಧ್ಯಾಪಕರು ರಚಿಸಿದ್ದನ್ನು ಜನರು ಕಂಪ್ಯೂಟರಿನದೆಂದರು. ಕಂಪ್ಯೂಟರು ಹೆಣೆದದ್ದನ್ನು ಬಾಖ್‌ನದೆಂದರು.

ಆ ಕಂಪ್ಯೂಟರಿಗೆ ಬುದ್ಧಿ ಕಲಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಶಾಖೆಯಲ್ಲಿ ಸಂಗೀತ ಬೋಧಿಸುತ್ತಿದ್ದ ಡೇವಿಡ್ ಕೋಪ್. ಸ್ವತಃ ರಚನಕಾರರಾಗಿದ್ದ ಅವರು 1980ರ ದಶಕದ ಆರಂಭದಲ್ಲಿ ಒಂದು ಗೀತನಾಟಕವನ್ನು ಬರೆದುಕೊಡಲು ಒಪ್ಪಿ, ಸ್ವರಗಳು ಹೊಳೆಯದೆ ಪರಿತಪಿಸುತ್ತಿದ್ದಾಗ ಕಂಪ್ಯೂಟರಿನ ಮೊರೆಹೊಕ್ಕರು. ಹೀಗೆ ಹುಟ್ಟಿದ ಆ ಸಾಧನಕ್ಕೆ 'ಎಮ್ಮಿ' ಎಂದು ಮುದ್ದಿನ ಹೆಸರೂ ಬಂತು. ಅದರ ಕೆಲಸದ ರೀತಿ ಕೇಳಲು ಸರಳ. ಬಾಖ್‌ನ ಕೋರಾಲುಗಳನ್ನು, ಎಂದರೆ ಪ್ರಾರ್ಥನಾಸಭೆಯಲ್ಲಿ ಜನರೆಲ್ಲರೂ ಹಾಡುವ ಗೀತೆಗಳಿಗೆ ಅವನು ನಾಲ್ಕು ಧ್ವನಿಗಳಲ್ಲಿ ಕೂಡಿಸಿದ ಸ್ವರಸಂಯೋಜನೆಗಳನ್ನು, ಅದು ಚಿಕ್ಕ ಚಿಕ್ಕ ತುಣುಕುಗಳನ್ನಾಗಿ ಒಡೆಯುತ್ತಿತ್ತು. ಯಾವ ತುಣುಕಿನ ಹಿಂದೆ ಯಾವುದು ಬರುತ್ತದೆ, ರಚನಕಾರನ ಕೈಗುರುತಿನಂತೆ ಮರುಕಳಿಸುವ ಸ್ವರಗುಚ್ಛಗಳು ಯಾವುವು ಎಂಬುದನ್ನು ಪತ್ತೆಹಚ್ಚಿ, ಅವನ್ನು ಹೊಸ ಕ್ರಮದಲ್ಲಿ ಜೋಡಿಸುತ್ತಿತ್ತು. ಕೋಪ್ ಒಮ್ಮೆ ಯಂತ್ರವನ್ನು ಚಾಲೂ ಮಾಡಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ 5,000 ಕೋರಾಲುಗಳು ಸಿದ್ಧವಾಗಿದ್ದುವಂತೆ! ಬಾಖ್‌ನ ಮರಣಾನಂತರ ಪ್ರಕಟವಾದ ಪ್ರಸಿದ್ಧ ಸಂಕಲನದಲ್ಲಿರುವ ಕೋರಾಲುಗಳ ಸಂಖ್ಯೆ 371.

ಈಗಿನ ಯಂತ್ರಗಳ ಮುಂದೆ ಎಮ್ಮಿಯು ಹಳೆಯ ಕಾಲದ ಎತ್ತಿನಗಾಡಿ. ಇಂದು ನಾಲ್ಕು ಪದಗಳನ್ನು ಬೆರಳಚ್ಚಿಸಿದರೆ ಚಿತ್ರವೊಂದು ಮೂಡುತ್ತದೆ, ಹಾಡೊಂದು ಕೇಳಿಬರುತ್ತದೆ, ಅದೂ ಕನ್ನಡದಲ್ಲಿ. ಚಿತ್ರ ಬರೆಯುವ ಯಂತ್ರಗಳ ತಂತ್ರವನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಅಸಂಖ್ಯ ಚಿತ್ರಗಳನ್ನು ಅವುಗಳ ವಿವರಣೆಯೊಡನೆ ಯಂತ್ರಕ್ಕೆ ಉಣಿಸುತ್ತಾರೆ, ಪ್ರತಿಯೊಂದು ಚಿತ್ರದ ಮೇಲೂ ಸ್ವಲ್ಪ ಸ್ವಲ್ಪವೇ ಚುಕ್ಕೆಗಳನ್ನೆರಚಿ ಅದನ್ನು ಕೆಡಿಸುತ್ತಾ ಹೋಗಿ, ಕೆಟ್ಟದ್ದನ್ನು ಮರಳಿ ಸರಿಪಡಿಸುವುದನ್ನು ಯಂತ್ರಕ್ಕೆ ಕಲಿಸುತ್ತಾರೆ. ಕೊನೆಗೆ ಬರಿಯ ಚುಕ್ಕೆಗಳ ಗೊಂದಲವನ್ನೇ ಕೊಟ್ಟರೂ, ನಾವು ಹೇಳಿದ ಪದಗಳ ಜಾಡು ಹಿಡಿದು ಅದು ಆ ಗೊಂದಲದೊಳಗಿನಿಂದ ಒಂದು ಚಿತ್ರವನ್ನು ತೆಗೆದು ತೋರಿಸುತ್ತದೆ. ಇಂಥ ಯಂತ್ರಗಳ ಕಲಿಕೆಗೆಂದು 2022ರಲ್ಲಿ ಬಿಡುಗಡೆಯಾದ ಒಂದು ಸಂಗ್ರಹದಲ್ಲಿ ಅಂತರಜಾಲದಿಂದ ಕಲೆಹಾಕಿದ ಸುಮಾರು 585 ಕೋಟಿ ಚಿತ್ರಗಳ ಉಲ್ಲೇಖಗಳಿದ್ದುವು. ಅವುಗಳನ್ನು ಬರೆದವರನ್ನಾಗಲೀ ತೆಗೆದವರನ್ನಾಗಲೀ ಯಾರೂ ಒಂದು ಮಾತು ಕೇಳಿರಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ.

ಹಾಗಾದರೆ ಯಂತ್ರವು ಕಲಾವಿದನೇ? ಅದರ ಕೃತಿಯನ್ನು ನಿಜವಾದ ಅರ್ಥದಲ್ಲಿ ಸೃಜನಶೀಲವೆನ್ನಬಹುದೇ?

ಇದಕ್ಕೆ ನಮ್ಮಲ್ಲಿ ಅನೇಕರು ಕೊಡುವ ಥಟ್ಟನೆಯ ಉತ್ತರವೆಂದರೆ, "ಅದು ಕೇವಲ ನಕಲು, ಸೃಷ್ಟಿಯಲ್ಲ" ಎಂಬುದು. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಕಲಿಯುವ ಪ್ರತಿಯೊಬ್ಬನೂ ನಕಲಿನಿಂದಲೇ ಪ್ರಾರಂಭಿಸುತ್ತಾನೆ. ಬಾಖ್‌ನ ಬಾಲ್ಯದ ಪ್ರಸಂಗವೊಂದು ಅವನ ಚರಮಲೇಖನದಲ್ಲಿ ದಾಖಲಾಗಿದೆ. ಹತ್ತರ ಹರೆಯದಲ್ಲೇ ತಂದೆತಾಯಿಯರಿಬ್ಬರನ್ನೂ ಕಳೆದುಕೊಂಡು ಅಣ್ಣನ ಮನೆಯಲ್ಲಿ ಬೆಳೆಯುತ್ತಿದ್ದ ಆ ಹುಡುಗ, ಅಣ್ಣನು ಬೀರುವಿನಲ್ಲಿ ಬಚ್ಚಿಟ್ಟಿದ್ದ ಸಂಗೀತದ ಹಸ್ತಪ್ರತಿಯೊಂದನ್ನು ಜಾಲರಿಯ ಸಂದಿಯಿಂದ ಸುರುಳಿಸುತ್ತಿ ಹೊರತೆಗೆದು, ದೀಪವಿಲ್ಲದೆ ಬೆಳದಿಂಗಳಲ್ಲಿ ಆರು ತಿಂಗಳ ಕಾಲ ನಕಲು ಮಾಡಿಕೊಂಡನಂತೆ. ಅಣ್ಣನಿಗೆ ತಿಳಿದು ಆ ನಕಲನ್ನೂ ಕಿತ್ತುಕೊಂಡ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಮುಂದೆ ಇಟಲಿಯ ವಿವಾಲ್ಡಿಯ ಕೃತಿಗಳನ್ನು ತನ್ನ ವಾದ್ಯಗಳಿಗೆ ಅಳವಡಿಸುತ್ತಲೇ ಅವನು ತನ್ನ ವಿದ್ಯೆಯನ್ನು ಹದಗೊಳಿಸಿಕೊಂಡ. ನಕಲು ಮಾಡುವುದೇ ಯಂತ್ರದ ದೋಷವಾದರೆ ಬಾಖ್‌ನೂ ದೋಷಿಯೇ.

"ಯಂತ್ರವು ಹೊಸದನ್ನು ಹುಟ್ಟಿಸಲಾರದು" ಎಂಬ ಇನ್ನೊಂದು ಉತ್ತರವೂ ಅಷ್ಟೇ ದುರ್ಬಲ. 1843ರಲ್ಲಿ ಇಂಗ್ಲೆಂಡಿನ ಏಡಾ ಲವ್‌ಲೇಸ್ ಎಂಬ ಮಹಿಳೆ, ಆಗಿನ್ನೂ ಕಾಗದದ ಮೇಲಷ್ಟೇ ಇದ್ದ ಗಣಕಯಂತ್ರವೊಂದನ್ನು ಕುರಿತು, ತಾನಾಗಿ ಏನನ್ನೂ ಹುಟ್ಟುಹಾಕುವ ಅಭಿಮಾನ ಅದಕ್ಕಿಲ್ಲ, ನಾವು ಆಜ್ಞಾಪಿಸಿದ್ದನ್ನಷ್ಟೇ ಅದು ಮಾಡಬಲ್ಲದು ಎಂಬರ್ಥದಲ್ಲಿ ಬರೆದಿದ್ದರು. 1950ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಅದಕ್ಕೆ ಉತ್ತರ ಕೊಟ್ಟರು: ಯಂತ್ರಗಳು ತಮ್ಮನ್ನು ಎಷ್ಟೋ ಸಲ ಬೆರಗುಗೊಳಿಸಿವೆ, ಮನುಷ್ಯನ 'ಸ್ವಂತ' ಕೃತಿಯೆಂಬುದು ಗುರುಗಳು ಬಿತ್ತಿದ ಬೀಜದ ಬೆಳವಣಿಗೆಯಲ್ಲವೆಂದು ಯಾರು ತಾನೇ ಪ್ರಮಾಣ ಮಾಡಿ ಹೇಳಬಲ್ಲರು? ಟ್ಯೂರಿಂಗರ ಈ ಮಾತಿಗೆ ಮುಂದೆ ಸಾಕ್ಷಿಯೂ ದೊರೆಯಿತು. 2016ರ ಮಾರ್ಚ್ ತಿಂಗಳಲ್ಲಿ ಕೊರಿಯಾದ ಲೀ ಸೆಡಾಲ್ ಅವರೊಡನೆ 'ಗೋ' ಎಂಬ ಆಟವಾಡಿದ ಯಂತ್ರವು ಎರಡನೆಯ ಪಂದ್ಯದ 37ನೆಯ ನಡೆಯಲ್ಲಿ ಇಟ್ಟ ಕಾಯಿಯನ್ನು ಕಂಡು, ನೋಡುತ್ತಿದ್ದ ನಿಪುಣರು ಮೊದಲು ಅದನ್ನು ತಪ್ಪೆಂದೇ ಬಗೆದರು. ಅಂಥ ನಡೆ ಮನುಷ್ಯರ ಆಟದಲ್ಲಿ ಕಾಣಸಿಗುವುದು ತೀರ ವಿರಳ. ಹೊಸತೆಂಬುದು ಯಂತ್ರದಿಂದಲೂ ಬರಬಲ್ಲುದು. ಇದನ್ನು ಒಪ್ಪಿಕೊಂಡೇ ನಾವು ಮುಂದೆ ಹೋಗಬೇಕು.

ಆದರೆ ಹೊಸತೆಲ್ಲವೂ ಸೃಜನವಲ್ಲ. ಕಿಟಕಿಯ ಗಾಜಿನ ಮೇಲೆ ಮಳೆಹನಿಗಳು ಜಾರುವ ರೇಖೆ ಪ್ರತಿಸಲವೂ ಹೊಸತು. ಇಲ್ಲಿ ನಮ್ಮ ಭಾರತೀಯ ಕಾವ್ಯಮೀಮಾಂಸಕರು ಮಾಡಿದ ವಿವೇಚನೆ ಉಪಕಾರಿಯಾಗಿದೆ. 'ಕಾವ್ಯಪ್ರಕಾಶ'ದ ಕರ್ತೃವಾದ ಮಮ್ಮಟನು ಕಾವ್ಯದ ಹುಟ್ಟಿಗೆ ಮೂರನ್ನು ಹೇಳುತ್ತಾನೆ: ಶಕ್ತಿ, ನಿಪುಣತೆ, ಅಭ್ಯಾಸ. ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ಪರಿಶೀಲಿಸಿದ್ದರಿಂದ ಬರುವುದು ನಿಪುಣತೆ, ಬಲ್ಲವರ ಬಳಿ ಕಲಿತು ಮತ್ತೆ ಮತ್ತೆ ಮಾಡುವುದು ಅಭ್ಯಾಸ, ಶಕ್ತಿಯೆಂದರೆ ಪ್ರತಿಭೆ. ಹಿಂದಿನ ಎರಡರಲ್ಲಿ ಯಂತ್ರವು ನಮ್ಮೆಲ್ಲರನ್ನೂ ಮೀರಿಸಿದೆಯೆಂದು ಮೇಲ್ನೋಟಕ್ಕೆ ತೋರುತ್ತದೆ. 585 ಕೋಟಿ ಚಿತ್ರಗಳನ್ನು ನೋಡಿದ ಚಿತ್ರಕಾರ ಈವರೆಗೆ ಹುಟ್ಟಿಲ್ಲ. ಆದರೆ ಮಮ್ಮಟನ ಮಾತಿನಲ್ಲಿ 'ಲೋಕ'ವೆಂಬ ಪದವಿದೆಯಷ್ಟೆ. ಯಂತ್ರವು ನೋಡಿರುವುದು ಲೋಕವನ್ನಲ್ಲ, ಲೋಕವನ್ನು ನೋಡಿದವರು ಬಿಟ್ಟುಹೋದ ಗುರುತುಗಳನ್ನು. ಅದು ಮಳೆಯ ಹತ್ತು ಸಾವಿರ ಚಿತ್ರಗಳನ್ನು ಬಲ್ಲದು, ಒಮ್ಮೆಯೂ ನೆನೆದಿಲ್ಲ. ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿರುವುದು ಛಂದಸ್ಸಿನ ಚರಿತ್ರೆಯನ್ನು ಹೇಳುವುದಕ್ಕಲ್ಲ. ಹಕ್ಕಿಯೊಂದು ಬಾಣ ತಗಲಿ ಬಿದ್ದಾಗ ಅದನ್ನು ಕಂಡು ಸುಮ್ಮನಿರಲಾರದವನೊಬ್ಬನು ಅಲ್ಲಿದ್ದನೆಂಬುದನ್ನು ಹೇಳುವುದಕ್ಕೆ.

ಬಾಖ್‌ನ ವಿಷಯದಲ್ಲೂ ಇದೇ. 1720ರಲ್ಲಿ ಅವನು ತನ್ನ ಒಡೆಯನೊಡನೆ ಪರವೂರಿಗೆ ಹೋಗಿ ಮನೆಗೆ ಮರಳುವಷ್ಟರಲ್ಲಿ ಹೆಂಡತಿ ಮರಿಯ ಬಾರ್ಬರಾ ತೀರಿಕೊಂಡು ಮಣ್ಣೂ ಆಗಿಹೋಗಿತ್ತು. ಇಬ್ಬರು ಪತ್ನಿಯರಿಂದ ಹುಟ್ಟಿದ 20 ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು 10 ಮಂದಿ ಮಾತ್ರ. 1723ರಲ್ಲಿ ಲೈಪ್‌ಜಿಗ್ ನಗರಕ್ಕೆ ಬಂದ ಮೇಲೆ, ಭಾನುವಾರದ ಆರಾಧನೆಗೆ ವಾರವಾರವೂ ಹೊಸ ಗೀತಬಂಧಗಳನ್ನು ಸಿದ್ಧಪಡಿಸುವ ಹೊರೆ ಅವನ ಮೇಲೆ ಬಿತ್ತು. ಅವನು ಲೂಥರನ ಪಂಥದವನು, ನಮ್ಮವನಲ್ಲ. ಆದರೂ ತನ್ನ ಹಸ್ತಪ್ರತಿಗಳ ಕೊನೆಯಲ್ಲಿ 'ದೇವರೊಬ್ಬನಿಗೇ ಮಹಿಮೆ' ಎಂಬರ್ಥದ ಮೂರು ಲತೀನ್ ಅಕ್ಷರಗಳನ್ನು ಬರೆಯುತ್ತಿದ್ದವನ ಮುಂದೆ ನಮ್ಮಂಥ ಗುರುಗಳೂ ತಲೆಬಾಗಬೇಕು. ಸಾವನ್ನು ಕುರಿತ ಗೀತೆಗೆ ಅವನು ಸ್ವರ ಕೂಡಿಸುವಾಗ, ಯಾರ ಸಾವನ್ನೂ ಕಂಡಿಲ್ಲದವನು ಕೂಡಿಸಿದಂತಲ್ಲ. ಎಮ್ಮಿ ಹೆಣೆದ ಕೋರಾಲಿನಲ್ಲಿ ಆ ದುಃಖದ ಸ್ವರಗಳು ಇವೆ, ದುಃಖಿಸಿದವನು ಇಲ್ಲ. ಸಭಿಕರು ಕೇಳಿ ಕರಗಿದ್ದು ಸುಳ್ಳೇ? ಸುಳ್ಳಲ್ಲ. ಅವರು ಕರಗಿದ್ದು ಬಾಖ್‌ನ ಕಣ್ಣೀರಿಗೇ. ಅದು ತುಣುಕುಗಳಾಗಿ ಬೇರೊಂದು ದಾರಿಯಲ್ಲಿ ಅವರನ್ನು ಮುಟ್ಟಿತ್ತು.

ಇಲ್ಲಿ ಜಾಣನೊಬ್ಬನು ಆಕ್ಷೇಪವೆತ್ತಬಹುದು: ಕಲಾವಿದನ ಗುಣವೆಂದರೆ ತನ್ನ ಕೃತಿಯನ್ನು ತಾನೇ ತೂಗಿ, ಸಲ್ಲದ್ದನ್ನು ಹರಿದೆಸೆಯುವುದಲ್ಲವೇ? ಅದನ್ನೂ ಯಂತ್ರಕ್ಕೆ ಕಲಿಸಲಾಗಿದೆಯಲ್ಲ! ನಿಜ, ಕಲಿಸಲಾಗಿದೆ. 2018ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ 'ಎಡ್ಮಂಡ್ ದ ಬೆಲಾಮಿ' ಎಂಬ ಕಲ್ಪಿತ ವ್ಯಕ್ತಿಯ ಮಸುಕಾದ ಭಾವಚಿತ್ರವೊಂದು 4,32,500 ಡಾಲರುಗಳಿಗೆ ಮಾರಾಟವಾಯಿತು. ನಿರೀಕ್ಷಿಸಿದ್ದ ಬೆಲೆ ಏಳರಿಂದ ಹತ್ತು ಸಾವಿರ ಡಾಲರು ಮಾತ್ರ. ಪ್ಯಾರಿಸಿನ ಮೂವರು ತರುಣರು ಅದನ್ನು ಯಂತ್ರದಿಂದ ಮಾಡಿಸಿ, ಚಿತ್ರಕಾರನ ಸಹಿ ಇರಬೇಕಾದ ಮೂಲೆಯಲ್ಲಿ ಒಂದು ಗಣಿತಸೂತ್ರವನ್ನು ಮುದ್ರಿಸಿದ್ದರು. ಅದರೊಳಗೆ ಎರಡು ಯಂತ್ರಬುದ್ಧಿಗಳಿದ್ದುವು: ಒಂದು ಚಿತ್ರವನ್ನು ಬರೆಯುತ್ತದೆ, ಇನ್ನೊಂದು ಅದನ್ನು ಪರೀಕ್ಷಿಸಿ ತಿರಸ್ಕರಿಸುತ್ತದೆ ಅಥವಾ ಒಪ್ಪುತ್ತದೆ. ಆದರೆ ಪರೀಕ್ಷಕನ ಒರೆಗಲ್ಲು ಯಾವುದು? ತನಗೆ ಮೊದಲೇ ತೋರಿಸಿದ 15,000 ಭಾವಚಿತ್ರಗಳ ಗುಂಪಿನಲ್ಲಿ ಇದು ಸೇರಿಹೋಗುತ್ತದೆಯೇ ಎಂಬುದಷ್ಟೇ. ಕಲಾವಿದನು ಹರಿದೆಸೆಯುವುದು ತನ್ನ ಕೃತಿ ಇತರರದರಂತೆ ಕಾಣದೆಂಬ ಕಾರಣಕ್ಕಲ್ಲ. ತಾನು ಹೇಳಬೇಕೆಂದಿದ್ದುದನ್ನು ಅದು ಹೇಳಲಿಲ್ಲವೆಂದು. ಹೇಳಬೇಕೆಂಬ ಒತ್ತಡವೇ ಇಲ್ಲದಲ್ಲಿ ತಿರಸ್ಕಾರಕ್ಕೆ ಅರ್ಥವೇನು? ಎಮ್ಮಿಯ 5,000 ಕೋರಾಲುಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಅದಕ್ಕೆ ಪ್ರಿಯವಾಗಿರಲಿಲ್ಲ. ಕೋಪ್ ಕಡೆಗೊಮ್ಮೆ ಎಮ್ಮಿಯ ಸ್ವರಭಂಡಾರವನ್ನೇ ಅಳಿಸಿಹಾಕಿದರು. ಕೊನೆಯೇ ಇಲ್ಲದೆ ರಚಿಸುತ್ತಾ ಹೋಗುವುದರ ಕೃತಿಗೆ ಜನರು ಬೆಲೆ ಕೊಡಲಾರರೆಂದು ಅವರಿಗೆ ಮನವರಿಕೆಯಾಗಿತ್ತು.

ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ವೃದ್ಧ ಗುರುಗಳು 'ಸೃಷ್ಟಿ' ಎಂಬ ಪದವನ್ನು ಸಡಿಲವಾಗಿ ಬಳಸಿದವರನ್ನು ಎದ್ದು ನಿಲ್ಲಿಸುತ್ತಿದ್ದರು. ಸಂತ ತೋಮಸ್ ಅಕ್ವೀನಾಸರ ಪ್ರಕಾರ, ಶೂನ್ಯದಿಂದ ಇರವನ್ನು ಕೊಡುವುದು ದೇವರಿಗೆ ಮಾತ್ರ ಸಲ್ಲುವ ಕಾರ್ಯ. ಯಾವ ಜೀವಿಯೂ ಅದರಲ್ಲಿ ಉಪಕರಣವಾಗಿ ಕೂಡ ಪಾಲುಗೊಳ್ಳಲಾರದು. ಮನುಷ್ಯನು ಇರುವುದನ್ನು ತೆಗೆದುಕೊಂಡು ರೂಪ ಕೊಡುವವನು. ಪೋಪ್ ಎರಡನೆಯ ಜಾನ್ ಪೌಲರು 1999ರ ಪಾಸ್ಖ ಹಬ್ಬದಂದು ಕಲಾವಿದರಿಗೆ ಬರೆದ ಪತ್ರದಲ್ಲಿ ಈ ಭೇದವನ್ನೇ ಎತ್ತಿಕೊಂಡು, ತಮ್ಮ ತಾಯ್ನುಡಿಯಾದ ಪೋಲಿಷ್ ಭಾಷೆಯಲ್ಲಿ ಸೃಷ್ಟಿಕರ್ತನಿಗೂ ಕಲಾಕಾರನಿಗೂ ಹತ್ತಿರದ ನಂಟಿರುವ, ಆದರೆ ಬೇರೆಬೇರೆಯಾದ ಪದಗಳಿರುವುದನ್ನು ಸ್ಮರಿಸಿದರು. ಈ ದೃಷ್ಟಿಯಿಂದ ನೋಡಿದರೆ, "ಯಂತ್ರವು ಶೂನ್ಯದಿಂದ ಏನನ್ನೂ ಸೃಷ್ಟಿಸದು" ಎಂದು ಹಂಗಿಸುವ ಅಧಿಕಾರ ನಮಗಿಲ್ಲ, ನಾವೂ ಸೃಷ್ಟಿಸೆವು. ನಮಗಿರುವ ವಿಶೇಷವೆಂದರೆ, ಪಡೆದುದನ್ನು ಪಡೆದೆನೆಂದು ತಿಳಿದು, ಅದಕ್ಕೆ ಉತ್ತರವಾಗಿ ಏನನ್ನಾದರೂ ಮಾಡಬಲ್ಲೆವೆಂಬುದು. 2025ರ ಜನವರಿ 28ರಂದು ವ್ಯಾಟಿಕನ್ನಿನ ಎರಡು ಶಾಖೆಗಳು ಒಟ್ಟಾಗಿ ಪ್ರಕಟಿಸಿದ ದಸ್ತಾವೇಜು ಕೂಡ ಕೃತಕ ಬುದ್ಧಿಮತ್ತೆಯನ್ನು ಮಾನವ ಬುದ್ಧಿಯ ಇನ್ನೊಂದು ಬಗೆಯೆಂದು ಕಾಣದೆ, ಮಾನವ ಬುದ್ಧಿಯಿಂದ ಹುಟ್ಟಿದ ಉತ್ಪನ್ನವೆಂದು ಕಾಣಬೇಕೆನ್ನುತ್ತದೆ. ಇದು ಬಹಳ ಉಪಯುಕ್ತವಾದ ಮಾತು. ಶಂಖದ ಮೇಲಿನ ರೇಖೆ ಸುಂದರವಾಗಿದ್ದರೆ ನಾವು ಶಂಖವನ್ನು ಕಲಾವಿದನೆನ್ನುವುದಿಲ್ಲ, ಸೌಂದರ್ಯವನ್ನು ಅಲ್ಲಗಳೆಯುವುದೂ ಇಲ್ಲ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡಿರುವ ಓದುಗರು ಅದರ ಗೋಡೆ, ಕಮಾನು, ಮಾಳಿಗೆಗಳನ್ನು ತುಂಬಿರುವ ಚಿತ್ರಗಳನ್ನು ಮರೆತಿರಲಾರರು. ಅವುಗಳನ್ನು ಬರೆದವರು ಇಟಲಿಯ ಬೆರ್ಗಮೊ ಪ್ರಾಂತದಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ. ಊರಿನಲ್ಲಿ ಚಿತ್ರಕಾರರಾಗಿ ಹೆಸರು ಮಾಡುತ್ತಿದ್ದವರು 1889ರಲ್ಲಿ ಸಭೆಯನ್ನು ಸೇರಿ, ಹತ್ತು ವರ್ಷಗಳ ಬಳಿಕ ನಮ್ಮ ಕರಾವಳಿಯ ಸೆಕೆಯಲ್ಲಿ ಅಟ್ಟಣೆ ಏರಿ ಕುಳಿತರು. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ವಿಧಾನಕ್ಕೆ ಒಂದು ನಿಷ್ಠುರ ನಿಯಮವಿದೆ: ಗಾರೆ ಒಣಗುವುದರೊಳಗೆ ಅಂದಂದಿನ ಭಾಗ ಮುಗಿಯಬೇಕು, ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಒಂದೊಂದು ಗೆರೆಯಲ್ಲೂ ಕೈ ಮರಳಿ ಬರಲಾಗದ ನಿರ್ಧಾರವನ್ನು ಮಾಡುತ್ತದೆ. 1905ರಲ್ಲಿ ಕೊಚ್ಚಿಯಲ್ಲಿ ಅವರು ತೀರಿಕೊಂಡಾಗ ಅವರಿಗೆ 51 ವರ್ಷ. ಕುಸುರಿನಲ್ಲಿ ಆ ಚಿತ್ರಗಳನ್ನು ಮೀರಿಸುವ ಚಿತ್ರವನ್ನು ಯಂತ್ರವು ಇಂದು ಅರೆನಿಮಿಷದಲ್ಲಿ ಕೊಟ್ಟೀತು, ಕೊಡಲಿ. ಆದರೆ ಅದು ತನ್ನ ಆಯುಷ್ಯದ ಒಂದು ದಿನವನ್ನೂ ಅದಕ್ಕಾಗಿ ವ್ಯಯಿಸಿರುವುದಿಲ್ಲ. ವ್ಯಯಿಸಲು ಅದಕ್ಕೆ ಆಯುಷ್ಯವಿಲ್ಲ.

ಹಾಗೆಂದು, ಯಂತ್ರವನ್ನು ಮುಟ್ಟಿದವನು ಕಲಾವಿದನೇ ಅಲ್ಲವೆನ್ನೋಣವೇ? ಕ್ಯಾಮೆರಾ ಬಂದಾಗಲೂ ಹೀಗೆಂದವರಿದ್ದರು. 1859ರಲ್ಲಿ ಫ್ರಾನ್ಸಿನ ಕವಿ ಬೋದಿಲೇರ್ ಛಾಯಾಚಿತ್ರವನ್ನು ಕಟುವಾಗಿ ಖಂಡಿಸಿದ್ದರು. 1884ರಲ್ಲಿ ಲೇಖಕ ಆಸ್ಕರ್ ವೈಲ್ಡರ ಛಾಯಾಚಿತ್ರವೊಂದರ ಹಕ್ಕಿನ ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು; ಭಂಗಿ, ಉಡುಪು, ಬೆಳಕು ನೆರಳುಗಳನ್ನು ಅಣಿಗೊಳಿಸಿದವನು ಛಾಯಾಗ್ರಾಹಕನಾದ್ದರಿಂದ ಅವನೇ ಕರ್ತೃವೆಂದು ತೀರ್ಪಾಯಿತು. ಈಗ ಅದೇ ಪ್ರಶ್ನೆ ಹೊಸ ವೇಷದಲ್ಲಿ ಬಂದಿದೆ. 2022ರಲ್ಲಿ ಕೊಲೊರಾಡೊ ರಾಜ್ಯದ ಮೇಳದಲ್ಲಿ ಜೇಸನ್ ಆಲೆನ್ ಎಂಬುವರು ಯಂತ್ರದಿಂದ ಮಾಡಿಸಿದ ಚಿತ್ರಕ್ಕೆ ಡಿಜಿಟಲ್ ಕಲಾ ವಿಭಾಗದ ಪ್ರಥಮ ಬಹುಮಾನ ಬಂತು. ಕನಿಷ್ಠ 624 ಬಾರಿ ಸೂಚನೆಗಳನ್ನು ತಿದ್ದಿ ತಿದ್ದಿ ಕೊಟ್ಟು ಆ ಚಿತ್ರವನ್ನು ಪಡೆದೆನೆಂಬುದು ಅವರ ವಾದ. 2023ರಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ, ಯಂತ್ರ ಮಾಡಿದ ಭಾಗಕ್ಕೆ ಹಕ್ಕು ಸಲ್ಲದೆಂದು ಅವರ ಅರ್ಜಿಯನ್ನು ತಳ್ಳಿಹಾಕಿತು. ಯಂತ್ರವನ್ನೇ ಏಕೈಕ ಕರ್ತೃವೆಂದು ನಮೂದಿಸಿದ ಇನ್ನೊಂದು ಅರ್ಜಿಯ ಮೇಲೆ 2025ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಕರ್ತೃವು ಮನುಷ್ಯನೇ ಆಗಿರಬೇಕೆಂದಿತು. ನನಗೆ ತೋರುವಂತೆ, 624 ಬಾರಿ ತಿದ್ದಿದವನ ತಾಳ್ಮೆಯಲ್ಲಿ ಕಲೆಯ ಅಂಶ ಕೊಂಚವಾದರೂ ಇದೆ. ಒಂದೇ ಸಲ ಗುಂಡಿ ಒತ್ತಿ ಬಂದುದನ್ನು ಒಪ್ಪಿಕೊಂಡವನಲ್ಲಿ ಇಲ್ಲ. ಶ್ರಮಕ್ಕೆ ತಕ್ಕಂತೆ ಅಳೆಯುವುದು ತತ್ತ್ವಶಾಸ್ತ್ರದ ಕಣ್ಣಿಗೆ ಅಷ್ಟೇನೂ ಶುದ್ಧವಾದ ಅಳತೆಯಲ್ಲವೆಂಬುದನ್ನು ಬಲ್ಲೆ. ಆದರೆ ಇದಕ್ಕಿಂತ ಉತ್ತಮವಾದ ಅಳತೆಗೋಲು ನನಗಿನ್ನೂ ದೊರೆತಿಲ್ಲ.

ಈ ಚರ್ಚೆಯೆಲ್ಲ ದೂರದೇಶದ ನ್ಯಾಯಾಲಯಗಳದೆಂದು ಓದುಗರು ತಿಳಿಯಬಾರದು. ನಮ್ಮ ಧರ್ಮಕೇಂದ್ರದ ಗಾನವೃಂದದ ತರುಣನೊಬ್ಬ ಪಾಲಕ ಸಂತರ ಹಬ್ಬಕ್ಕೆಂದು ಫೋನಿನಲ್ಲಿ ಒಂದು ಪ್ರವೇಶಗೀತೆಯನ್ನು ತಂದು ಕೇಳಿಸಿದ. ಸಾಹಿತ್ಯ, ರಾಗ, ಹಿಮ್ಮೇಳ ಎಲ್ಲವೂ ಎರಡೇ ನಿಮಿಷಗಳಲ್ಲಿ ತಯಾರಾಗಿದ್ದುವು. ಕೇಳಲು ಹಿತವಾಗಿಯೇ ಇತ್ತು. "ಫಾದರ್, ಇದನ್ನು ಪೂಜೆಯಲ್ಲಿ ಹಾಡಿದರೆ ತಪ್ಪೇ?" ಎಂದು ಅವನು ಮುಚ್ಚುಮರೆಯಿಲ್ಲದೆ ಕೇಳಿದ. ಪಕ್ಕದಲ್ಲೇ ನಮ್ಮ ಹಾರ್ಮೋನಿಯಂ ಮೇಷ್ಟ್ರು ಕುಳಿತಿದ್ದರು. ಪ್ರತಿವರ್ಷವೂ ಹಬ್ಬಕ್ಕೆ ಒಂದು ಹೊಸ ಗೀತೆಯನ್ನು ಕಟ್ಟಿಕೊಡುವವರು ಅವರು. ಅವೆಲ್ಲವೂ ಚೆನ್ನಾಗಿರುತ್ತವೆಂದು ಹೇಳಿದರೆ ಅವರೇ ನಕ್ಕಾರು. ಅಂದು ಮಾತ್ರ ಅವರು ನಗಲಿಲ್ಲ. "ಇದು ನನ್ನದಕ್ಕಿಂತ ಚೆನ್ನಾಗಿದೆ ಸ್ವಾಮಿ" ಎಂದಷ್ಟೇ ಹೇಳಿ ಹಾರ್ಮೋನಿಯಂ ಮುಚ್ಚಿದರು.

ಧರ್ಮಸಭೆ ಹೊಸತನ್ನು ಕಂಡು ಹೆದರುವುದಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನಾವಿಧಿಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ, ಯಾವೊಂದು ಕಲಾಶೈಲಿಯನ್ನೂ ಸಭೆಯು ತನ್ನದೇ ಎಂದು ಕಟ್ಟಿಹಾಕಿಕೊಂಡಿಲ್ಲವೆಂದು ಸ್ಪಷ್ಟಪಡಿಸಿದೆ. ಆದುದರಿಂದ ಪಾಪವೆಂದು ಆ ತರುಣನನ್ನು ಗದರಿಸಲು ನನ್ನಲ್ಲಿ ಆಧಾರವಿರಲಿಲ್ಲ, ಮನಸ್ಸೂ ಇರಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಮಗು, ಮೂರನೆಯ ಚರಣದಲ್ಲಿ ಸಂತರ ಬಳಿ ಬೇಡಿಕೊಳ್ಳುತ್ತಿರುವವರು ಯಾರು?" ಅವನು ಓದಿ ನೋಡಿದ. ಅಲ್ಲಿ ಬರಗಾಲವಿತ್ತು, ಬಿರುಗಾಳಿಯಿತ್ತು, ಕಣ್ಣೀರಿತ್ತು. ಆ ವರ್ಷ ಊರನ್ನು ನಿಜವಾಗಿ ಕಾಡಿದ್ದ ಆನೆಗಳ ಹಾವಳಿಯಾಗಲೀ, ಕಾಫಿ ತೋಟದಿಂದ ಕೆಲಸ ಬಿಡಿಸಿಕೊಂಡ ಮೂರು ಕುಟುಂಬಗಳಾಗಲೀ ಇರಲಿಲ್ಲ. "ಅದನ್ನೂ ಬರೆದುಕೊಟ್ಟರೆ ಅದು ಸೇರಿಸುತ್ತದೆ ಫಾದರ್" ಎಂದ. ಸೇರಿಸುತ್ತದೆ, ನಿಜ. ಆದರೆ ಏನನ್ನು ಸೇರಿಸಬೇಕೆಂದು ನೊಂದು ಆರಿಸಿದ್ದು ಆಗ ಅವನೇ ತಾನೇ? ಬೇಡುವವರು ನಾವಾಗಿದ್ದು, ಬೇಡಿಕೆಯ ಮಾತನ್ನು ಮಾತ್ರ ಬೇಡಲು ಏನೂ ಇಲ್ಲದ್ದರಿಂದ ಎರವಲು ತರುವುದರಲ್ಲಿ ಏನೋ ಅಸಾಂಗತ್ಯವಿದೆಯೆಂದು ನನ್ನ ಭಾವನೆ. ಗಾನವೃಂದದಲ್ಲಿ ಎಲ್ಲರೂ ಇದನ್ನೊಪ್ಪಲಿಲ್ಲ. ಪುಸ್ತಕದ ಪ್ರಾರ್ಥನೆಯನ್ನೂ ಬೇರೆ ಯಾರೋ ಬರೆದಿರುತ್ತಾರಲ್ಲವೇ ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬರೆದಿರುತ್ತಾರೆ, ಆದರೆ ಅವರೂ ಬೇಡಿಯೇ ಬರೆದಿರುತ್ತಾರೆ.

ಕೊನೆಗೆ ಆದ ಏರ್ಪಾಡು ಇಷ್ಟು. ಹಬ್ಬದ ಪ್ರವೇಶಗೀತೆಯನ್ನು ಮೇಷ್ಟ್ರೇ ಕಟ್ಟುವುದು, ಮೂರನೆಯ ಚರಣವನ್ನು ತರುಣನು ಬರೆಯುವುದು. ಅವನಿಗೆ ಫೋನು ಬಳಸಬಾರದೆಂಬ ನಿಷೇಧವಿಲ್ಲ. ರಾಗದ ಎರಡು ಮೂರು ದಾರಿಗಳನ್ನು ಅದರಲ್ಲಿ ಕೇಳಿಕೊಂಡು ಮೇಷ್ಟ್ರಿಗೂ ಕೇಳಿಸಬಹುದು. ಹಂಚುವ ಹಾಳೆಯ ಅಡಿಯಲ್ಲಿ ಸಾಹಿತ್ಯ ಯಾರದು, ರಾಗ ಯಾರದು, ಯಂತ್ರದ ನೆರವು ಎಲ್ಲಿ ಪಡೆದದ್ದು ಎಂಬುದನ್ನು ಅಚ್ಚಿನಲ್ಲಿ ಕಾಣಿಸಬೇಕು. ಪ್ರತಿವರ್ಷ ಗೀತೆಗೆಂದು ಮೇಷ್ಟ್ರಿಗೆ ಸಲ್ಲುತ್ತಿದ್ದ ಗೌರವಧನವನ್ನು, ಫೋನಿನಲ್ಲಿ ಪುಕ್ಕಟೆ ಸಿಗುತ್ತದೆಂಬ ಕಾರಣಕ್ಕೆ ನಿಲ್ಲಿಸಬೇಕೆಂದು ಪಾಲನಾ ಸಮಿತಿಯಲ್ಲಿ ಒಂದು ಸಲಹೆ ಬಂದಿತ್ತು. ಅದನ್ನು ಕೈಬಿಡಲಾಯಿತು.